ಕುಪ್ಪುಸ್ವಾಮಿಯ ಇಪ್ಪತ್ತನಾಲ್ಕು ವರ್ಷ

ಡಾಕ್ಟರ್ ವಿಜಯಕುಮಾರ್ ಬೆಳಿಗ್ಗೆ ಎದ್ದವರೇ ಮುಖ ತೊಳೆಯುವುದಕ್ಕೂ ಮೊದಲು ಫೋನ್ ತೆಗೆದು ತಮ್ಮ ಅಂಕಿ ನೋಡಿಕೊಳ್ಳುತ್ತಾರೆ. ಇದು ನಾನು ಹೇಳುತ್ತಿರುವ ಚಾಡಿಯಲ್ಲ, ಅವರ ಬಾಯಿಂದಲೇ ಕೇಳಿದ್ದು. ಗಣಿ ಕಾರ್ಮಿಕರ ಆರೋಗ್ಯದ ಸರ್ವೇ ನಡೆಯುತ್ತಿದ್ದಾಗ ಊರಿಗಾಂ ಸ್ಟೇಷನ್ ಹತ್ತಿರದ ಟೀ ಅಂಗಡಿಯಲ್ಲಿ ನಿಂತು, ಒಂದು ಕೈಯಲ್ಲಿ ಗ್ಲಾಸು, ಇನ್ನೊಂದರಲ್ಲಿ ಫೋನು ಹಿಡಿದು, "ನೋಡಿ ವನಿತಾ, ನಿನ್ನೆಯಿಂದ ಮೂರು ಜಾಸ್ತಿ" ಎಂದು ನನಗೆ ತೋರಿಸುತ್ತಿದ್ದರು. ಯಾವುದೋ ದೇಶದಲ್ಲಿ ಯಾರೋ ಒಬ್ಬ ತನ್ನ ಲೇಖನದ ಕೊನೆಯಲ್ಲಿ ಇವರ ಲೇಖನವನ್ನು ಹೆಸರಿಸಿದರೆ ಇವರ ಖಾತೆಗೆ ಒಂದು ಸೇರುತ್ತದೆ. ಅದಕ್ಕೆ ಸೈಟೇಶನ್ ಅನ್ನುತ್ತಾರೆ. ಸಂಬಳ, ಬಡ್ತಿ, ವಿಮಾನದ ಟಿಕೆಟ್ಟು ಎಲ್ಲಾ ಅದರ ಹಿಂದೆಯೇ ಬರುತ್ತದಂತೆ.

ಈಗ ಅವರ ಹೆಸರಿನಲ್ಲಿ ನೂರ ನಲವತ್ಮೂರು ಲೇಖನಗಳಿವೆ. ಒಟ್ಟು ಸೈಟೇಶನ್ನು ನಾಲ್ಕು ಸಾವಿರ ದಾಟಿದೆ. ಅದರಲ್ಲಿ ಆರುನೂರ ಇಪ್ಪತ್ತು ಒಂದೇ ಒಂದು ಲೇಖನದ ಸಂಪಾದನೆ. ಚಿನ್ನದ ಗಣಿಯೊಳಗೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ದುಡಿದ ಗಂಡಸರು ಮೇಲೆ ನೆಲದಲ್ಲಿ ದುಡಿದವರಷ್ಟೇ ಕಾಲ ಬದುಕುತ್ತಾರೆ, ಅವರ ಎದೆಯೂ ಹೇಳುವಷ್ಟು ಕೆಟ್ಟಿಲ್ಲ ಎಂದು ಆ ಲೇಖನ ಹೇಳುತ್ತದೆ. ಕೊನೆಯಲ್ಲಿ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಮನೆಮನೆಗೆ ಹೋಗಿ ಮಾಹಿತಿ ತಂದ ಸಿಬ್ಬಂದಿಗೆ ಕೃತಜ್ಞತೆ ಹೇಳಿದೆ. ಆ ಸಿಬ್ಬಂದಿ ಎಂದರೆ ನಾನು.

ಆ ಲೇಖನ ಸುಳ್ಳು. ಅದರೊಳಗಿನ ಸುಳ್ಳನ್ನು ಕೈಯಾರೆ ಬರೆದುಕೊಟ್ಟವಳೂ ನಾನೇ.

ಬಿಲ್ಲೆಯ ವಿಷಯ ಗೊತ್ತಿಲ್ಲದವರಿಗೆ ಇದು ಅರ್ಥವಾಗುವುದಿಲ್ಲ. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತು, ಅದರ ಮೇಲೆ ಒಂದು ನಂಬರು. ರಿಜಿಸ್ಟರಿನಲ್ಲಿ ಆ ನಂಬರಿನ ಎದುರಿಗೆ ಒಂದು ಹೆಸರು. ಹೊಸಬರನ್ನು ತೆಗೆದುಕೊಳ್ಳುವುದು ಕಡಿಮೆಯಾದ ಮೇಲೆ, ಒಳಗಿನ ಕತ್ತಲೆ, ಕಾವು ತಡೆಯಲಾರದೆ ಬಿಟ್ಟುಹೋಗುವವನು ತನ್ನ ಬಿಲ್ಲೆಯನ್ನು ಗೊತ್ತಿದ್ದವನ ಕೈಗೆ ಕೊಟ್ಟು ಹೋಗುತ್ತಿದ್ದ. ಮೇಸ್ತ್ರಿಗೆ ಗೊತ್ತಿರುತ್ತಿತ್ತು, ಜೊತೆಯವರಿಗೆ ಗೊತ್ತಿರುತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಬಿಲ್ಲೆ ತೆಗೆದುಕೊಂಡವನು ಆವತ್ತಿನಿಂದ ಆ ಹೆಸರಿನವನು. ಗಣಿಯವರು ಸಾಲಾಗಿ ವಾಸವಿದ್ದ ಲೈನ್ ಮನೆಗಳಲ್ಲಿ ಮಕ್ಕಳಿಗೆ ಮಾತು ಬರುತ್ತಿದ್ದಂತೆ ಕಲಿಸುತ್ತಿದ್ದ ಪಾಠ ಇದೇ: ಹಾಳೆ, ಪೆನ್ನು ಹಿಡಿದು ಯಾರಾದರೂ ಬಂದು ಅಪ್ಪನ ಹೆಸರು ಕೇಳಿದರೆ ಬಿಲ್ಲೆಯ ಹೆಸರನ್ನೇ ಹೇಳಬೇಕು.

ನನ್ನಪ್ಪನ ಹೆಸರು ಕೋದಂಡಪ್ಪ. ಬಂಗಾರಪೇಟೆ ಹತ್ತಿರದ ಹಳ್ಳಿಯವನು. ಎಪ್ಪತ್ತೇಳನೇ ಇಸವಿಯಲ್ಲಿ ಕುಪ್ಪುಸ್ವಾಮಿ ಎಂಬುವವರ ಬಿಲ್ಲೆ ಹಿಡಿದು ಕೋರಮಂಡಲ್‌ನಲ್ಲಿ ಗಣಿಗಿಳಿದ. ಕುಪ್ಪುಸ್ವಾಮಿ ಐದು ವರ್ಷ ಕೆಲಸ ಮಾಡಿ, ಇನ್ನು ನನ್ನ ಕೈಲಾಗದು ಎಂದು ಮೇಲೆ ಬಂದು ರಾಬರ್ಟ್‌ಸನ್‌ಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡರು. ಅಪ್ಪ ಹತ್ತೊಂಬತ್ತು ವರ್ಷ ಅವರ ಹೆಸರಿನಲ್ಲಿ ಕಲ್ಲು ಕೊರೆದ. ಲೈನಿನವರೆಲ್ಲ ಅವನನ್ನು ಕುಪ್ಪು ಎಂದೇ ಕರೆಯುತ್ತಿದ್ದರು. ಅಮ್ಮ ಗಂಡನ ಹೆಸರು ಹೇಳುವವಳಲ್ಲ. ಹಾಗಾಗಿ ನನ್ನಪ್ಪನ ಹೆಸರನ್ನು ಬಾಯಿತುಂಬ ಕರೆದದ್ದು ಊರಿನಲ್ಲಿದ್ದ ನಮ್ಮಜ್ಜಿ ಒಬ್ಬಳೇ, ಅವಳೂ ಬೇಗ ಸತ್ತಳು.

ಪ್ರತಿ ಸಂಕ್ರಾಂತಿಗೆ ಅಪ್ಪ ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ಹೋಗಿ ಕುಪ್ಪುಸ್ವಾಮಿಯವರ ಮನೆಗೆ ಕೊಟ್ಟು, ಕಾಲು ಮುಟ್ಟಿ ಬರುತ್ತಿದ್ದ. ಅನ್ನ ಕೊಟ್ಟ ಹೆಸರು ಎನ್ನುತ್ತಿದ್ದ. ಕೊನೆಕೊನೆಗೆ ಆ ಚೀಲ ಎತ್ತುವುದಿರಲಿ, ಮೂರು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲಬೇಕಿತ್ತು. ಎದೆಯೊಳಗೆ ಜಲ್ಲಿ ಸುರಿದಂತೆ ಸದ್ದಾಗುತ್ತಿತ್ತು. ತೊಂಬತ್ತಾರರಲ್ಲಿ ಕುಪ್ಪುಸ್ವಾಮಿ ಎಂದು ರಾಜೀನಾಮೆ ಬರೆದುಕೊಟ್ಟು ಊರಿಗೆ ಬಂದ. ತೊಂಬತ್ತೆಂಟರಲ್ಲಿ ಕೋದಂಡಪ್ಪನಾಗಿ ಸತ್ತ. ನಲವತ್ತೇಳು ವಯಸ್ಸು. ಊರವರು ಟಿಬಿ ಎಂದರು, ನಾವು ಹೂಂ ಎಂದೆವು.

ಎರಡು ಸಾವಿರದ ಹನ್ನೆರಡರಲ್ಲಿ ವಿಜಯಕುಮಾರ್ ಸರ್ ಬೆಂಗಳೂರಿನ ಸಂಸ್ಥೆಯಿಂದ ಸರ್ವೇಗೆ ಬಂದಾಗ ನನಗೆ ಇಪ್ಪತ್ತೆಂಟು. ಬಿಎಸ್‌ಸಿ ಮಾಡಿ ಸುಮ್ಮನೆ ಕೂತಿದ್ದೆ. ಲೈನಿನ ಹುಡುಗಿ, ಕನ್ನಡ, ತಮಿಳು, ತೆಲುಗು ಮೂರೂ ಬರುತ್ತದೆ ಎಂದು ಕೆಲಸ ಕೊಟ್ಟರು. ಮೊದಲ ದಿನದ ತರಬೇತಿಯಲ್ಲೇ ನಾನು ಎದ್ದು ನಿಂತು, "ಸರ್, ಇಲ್ಲಿ ರಿಜಿಸ್ಟರಿನಲ್ಲಿರೋ ಹೆಸರೇ ಬೇರೆ, ಕೆಲಸ ಮಾಡಿದವರೇ ಬೇರೆ ಇರ್ತಾರೆ" ಎಂದೆ. ಅವರು ನಕ್ಕರು. "ರಿಜಿಸ್ಟರಿನಲ್ಲಿ ಇರುವ ವ್ಯಕ್ತಿಯನ್ನು ಹುಡುಕಿ, ಫಾರಂ ತುಂಬಿ. ಕಥೆಗಳು ಬೇಡ, ಅದರಿಂದ ಡೇಟಾ ಕೆಡುತ್ತೆ" ಎಂದರು. ನಾನು ಕೂತುಕೊಂಡೆ. ನಿಜ ಹೇಳುತ್ತೇನೆ, ನನಗೆ ಆಗ ನಿರಾಳವೇ ಆಯಿತು. ಇಡೀ ಲೈನು ಮೂವತ್ತು ವರ್ಷ ಮುಚ್ಚಿಟ್ಟ ಗುಟ್ಟನ್ನು ನಾನು ಬಿಚ್ಚಬೇಕಾಗಿರಲಿಲ್ಲ.

ಹಾಗೆ ನಾನು ರಾಬರ್ಟ್‌ಸನ್‌ಪೇಟೆಗೆ ಹೋಗಿ, ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಕುಪ್ಪುಸ್ವಾಮಿಯವರ ಎದೆ ಪರೀಕ್ಷೆ ಮಾಡಿಸಿ ಬರೆದುಕೊಂಡೆ: ವಯಸ್ಸು ಅರವತ್ತೆಂಟು. ಗಣಿಯೊಳಗೆ ಇಪ್ಪತ್ತನಾಲ್ಕು ವರ್ಷ. ಕೆಮ್ಮು ಇಲ್ಲ. ಉಸಿರಾಟ ಸರಿ. ಅವರು ನನ್ನ ಮುಖ ನೋಡಿದರು, ನಾನು ಫಾರಂ ನೋಡಿದೆ. ಇಬ್ಬರಿಗೂ ಗೊತ್ತಿತ್ತು. ಅಂಥ ಫಾರಂ ಬಂದಾಗಲೆಲ್ಲ ನಾನು ನನ್ನ ಸ್ವಂತ ಡೈರಿಯಲ್ಲಿ ನಂಬರು ಬರೆದು ಪಕ್ಕದಲ್ಲಿ ಒಂದು ಚುಕ್ಕೆ ಇಡುತ್ತಿದ್ದೆ. ಯಾಕೆ ಇಟ್ಟೆನೋ ಗೊತ್ತಿಲ್ಲ. ಸರ್ವೇ ಮುಗಿದಾಗ ನೂರ ಮೂವತ್ತೇಳು ಚುಕ್ಕೆಗಳಾಗಿದ್ದವು.

ಲೆಕ್ಕ ನೋಡಿ. ಕತ್ತಲೆಗೆ ಹೆದರಿ ಬೇಗ ಮೇಲೆ ಬಂದವರು ಬದುಕಿಕೊಂಡರು. ಅವರ ಹೆಸರಿನಲ್ಲಿ ಒಳಗೆ ಉಳಿದವರು ಸತ್ತರು. ಸತ್ತವರು ರಿಜಿಸ್ಟರಿನಲ್ಲೇ ಇಲ್ಲ. ಹೀಗಿರುವಾಗ ಗಣಿಯೊಳಗಿನ ಇಪ್ಪತ್ತು ವರ್ಷ ಆರೋಗ್ಯಕ್ಕೆ ಏನೂ ಮಾಡುವುದಿಲ್ಲ ಎಂದು ಕಾಣದೆ ಇನ್ನೇನು ಕಾಣುತ್ತದೆ?

ಇದನ್ನೆಲ್ಲ ನಾನು ಮರೆತಂತೆಯೇ ಇದ್ದೆ. ಸರ್ವೇ ಕೆಲಸ ಮುಗಿದ ಮೇಲೆ ರಾಬರ್ಟ್‌ಸನ್‌ಪೇಟೆಯ ಒಂದು ಲ್ಯಾಬಿನಲ್ಲಿ ರಿಪೋರ್ಟು ಟೈಪ್ ಮಾಡಲು ಸೇರಿಕೊಂಡೆ, ದಿನಾ ಊರಿಂದ ಬಸ್ಸಿನಲ್ಲಿ ಓಡಾಡುತ್ತೇನೆ. ಹೋದ ವರ್ಷ ಗಣಿಯ ಧೂಳಿನಿಂದ ಸತ್ತವರ ಪಟ್ಟಿ ಮಾಡಲು ಒಂದು ಸಮಿತಿ ಬಂತು. ಬಂಗಾರಪೇಟೆಯಲ್ಲಿ ಅದರ ಕಚೇರಿ. ಅಮ್ಮ ಎಲ್ಲಿಂದಲೋ ಸುದ್ದಿ ಹಿಡಿದು ತಂದಳು.

"ನಿಮ್ಮಪ್ಪನ ಎಸ್ರು ಬರಿಸ್ಬೇಕು ಕಣಮ್ಮಿ" ಎಂದಳು.

"ಅದ್ರಿಂದ ಏನ್ ಸಿಕ್ತದೆ ಅಂತ ಓಗ್ತೀಯಮ್ಮ? ಇನ್ನೂ ಪರಿಹಾರ ಯಾವ್ದೂ ತೀರ್ಮಾನ ಆಗಿಲ್ಲ."

"ಏನೂ ಸಿಗೋದ್ ಬ್ಯಾಡ. ಆ ಕಲ್ಲು ತಿಂದೇ ಸತ್ತ ಅಂತ ಎಲ್ಲಾನ ಒಂದ್ಕಡೆ ಇರ್ಲಿ. ಟಿಬಿ ಅಂತ ಏಳಿ ಏಳಿ ನನ್ ನಾಲ್ಗೆ ಸವ್ದೋಯ್ತು. ಅವ್ನು ಕುಡ್ದು ಕೆಟ್ಟ ಅಂದೋರೂ ಅವ್ರೆ."

ಕಚೇರಿಯ ಗುಮಾಸ್ತ ಶ್ರೀರಾಮಪ್ಪ ಒಳ್ಳೆಯ ಮನುಷ್ಯ. ಅರ್ಜಿ ತುಂಬುತ್ತಾ, "ಗಂಡನ ಹೆಸರು ಏನಮ್ಮಾ?" ಎಂದು ಕೇಳಿದ. ಅಮ್ಮ ರೂಢಿಯಂತೆ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಏನನ್ನಿಸಿತೋ, ಸೆರಗು ಸರಿ ಮಾಡಿಕೊಂಡು, "ಕೋದಂಡಪ್ಪ" ಎಂದಳು. ನಲವತ್ತು ವರ್ಷದಲ್ಲಿ ಅಮ್ಮನ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಮುಖವೆಲ್ಲ ಕೆಂಪಾಗಿತ್ತು. ಅವನು ಯಾರ ಬಿಲ್ಲೆಯ ಮೇಲೆ ದುಡಿದ ಎಂಬುದನ್ನು ನಂಬರಿನ ಸಮೇತ ನಾನು ಬರೆಸಿದೆ.

ಎರಡು ತಿಂಗಳಿಗೆ ಉತ್ತರ ಬಂತು. ಬಿಲ್ಲೆ ಸಂಖ್ಯೆ 3127ರ ಕುಪ್ಪುಸ್ವಾಮಿ ಜೀವಂತವಾಗಿದ್ದಾರೆ, ಆರೋಗ್ಯವಾಗಿದ್ದಾರೆ. ಕೋದಂಡಪ್ಪ ಎಂಬುವವರು ಗಣಿಯಲ್ಲಿ ಕೆಲಸ ಮಾಡಿದ್ದಕ್ಕೆ ದಾಖಲೆ ಇಲ್ಲ. ಅರ್ಜಿ ತಿರಸ್ಕರಿಸಿದೆ. ಕೆಳಗೆ ಆಧಾರ ಎಂದು ಬರೆದು, ಸರ್ವೇಯ ಫಾರಂ, ಜೊತೆಗೆ ವಿಜಯಕುಮಾರ್ ಸರ್ ಲೇಖನದ ಹೆಸರು, ವರ್ಷ, ಪುಟ ಸಂಖ್ಯೆ. ನಾನು ತುಂಬಿದ ಫಾರಂ ಹನ್ನೆರಡು ವರ್ಷ ಊರೂರು ತಿರುಗಿ, ಇಂಗ್ಲಿಷ್ ಕಲಿತು, ನಮ್ಮ ಮನೆಗೇ ಬಂದು ಅಮ್ಮನ ಕೆನ್ನೆಗೆ ಬಾರಿಸಿತ್ತು.

ನಾನು ಆ ಕಾಗದ ಹಿಡಿದು ಶ್ರೀರಾಮಪ್ಪನ ಹತ್ತಿರ ಓಡಿದೆ. ಅವನು ಕನ್ನಡಕ ತೆಗೆದಿಟ್ಟು, "ನೋಡಮ್ಮ, ಕುಪ್ಪುಸ್ವಾಮಿ ಒಬ್ಬರೇ ಬಂದು ಏಳಿದ್ರೆ ಸಾಲ್ದು. ದೊಡ್ಡೋರು ಬರ್ದಿರೋದನ್ನ ನಾವು ಸುಳ್ಳು ಅನ್ನಕಾಗಲ್ಲ. ಅದೇ ಪುಸ್ತಕ್ದಾಗೆ ತಿದ್ದುಪಡಿ ಬರ್ಲಿ, ನಿಮ್ಮ ತಂದೆ ಎಸ್ರು ಅಚ್ಚಾಗಿರ್ಲಿ. ತಂದ್ಕೊಡು, ನಾನೇ ಫೈಲ್ ತೆಗ್ಸಿ ಸಾಹೇಬ್ರ ಮುಂದೆ ಇಡ್ತೀನಿ" ಎಂದ.

ಕುಪ್ಪುಸ್ವಾಮಿಯವರಿಗೆ ಈಗ ಎಂಬತ್ತು. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ನಾನು ವಿಷಯ ಹೇಳುತ್ತಿದ್ದಂತೆ ಅವರ ಮಗಳು ಸೆಲ್ವಿ ಅಡುಗೆಮನೆಯಿಂದ ಬಂದು, ಈ ವಯಸ್ಸಿನಲ್ಲಿ ಅಪ್ಪನನ್ನು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿಸುತ್ತೀಯಾ ಎಂದು ತಮಿಳಿನಲ್ಲಿ ನನ್ನ ಮೇಲೆ ಎಗರಿದಳು. ಅವಳ ಭಯ ನನಗೆ ಅರ್ಥವಾಗುತ್ತಿತ್ತು. ಮುದುಕರು ಅವಳನ್ನು ಸುಮ್ಮನಿರಿಸಿದರು.

"ಕಾಗ್ದ ಕೊಡು ಕಣ್ಣು, ಕೊಡಮ್ಮ. ಅಂಜು, ಐದೇ ವರ್ಷ ನಾನು, ಬಾಕಿಯೆಲ್ಲಾ ನಿಮ್ಮಪ್ಪ. ಅವ್ನು ಸತ್ತಾಗ ನಾನು ಸಾವ್ಗೂ ಬರ್ಲಿಲ್ಲ, ತೆರಿಯುಮಾ, ಗೊತ್ತಾ? ಬಂದ್ರೆ ಯಾರಾನ ಕೇಳ್ಬಿಡ್ತಾರೆ ಅಂತ ಭಯ. ಅವ್ರೆಕಾಯಿ ಮಾತ್ರ ಚೆನ್ನಾಗಿ ತಿಂದೆ." ನಾನು ಬರೆದು ತಂದಿದ್ದ ಹೇಳಿಕೆಗೆ ಅವರು ಅಳುತ್ತಲೇ ಸಹಿ ಹಾಕಿದರು.

ಆ ಕಾಗದ, ನನ್ನ ಡೈರಿ, ಎರಡನ್ನೂ ಚೀಲದಲ್ಲಿಟ್ಟುಕೊಂಡು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆ. ಸರ್ ಕೋಣೆ ದೊಡ್ಡದಾಗಿದೆ. ಗೋಡೆಯ ಮೇಲೆ ಪ್ರಶಸ್ತಿಗಳು. ಸಂಸ್ಥೆಯ ನಿರ್ದೇಶಕರ ಹುದ್ದೆಗೆ ಅವರ ಹೆಸರು ಕೇಳಿಬರುತ್ತಿತ್ತು, ಅದಕ್ಕಾಗಿ ಬರೆದ ಸ್ವಪರಿಚಯದ ಹಾಳೆಗಳು ಮೇಜಿನ ಮೇಲೇ ಇದ್ದವು. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಅದೇ ಲೇಖನ, ಪಕ್ಕದಲ್ಲಿ 618. ನನ್ನನ್ನು ಕೂರಿಸಿ ಕಾಫಿ ತರಿಸಿದರು. ನಾನು ಹೇಳುವುದನ್ನೆಲ್ಲ ಕೇಳಿದರು. ಮುಖದಲ್ಲಿ ಆಶ್ಚರ್ಯವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಪಾಪ, ನಿಮ್ಮ ತಂದೆ ವಿಷಯ ಕೇಳಿ ಬೇಜಾರಾಯ್ತು. ಆದ್ರೆ ಒಂದು ಕೇಸಿನಿಂದ ತೀರ್ಮಾನ ಬದಲಾಗಲ್ಲ ವನಿತಾ."

"ಒಂದಲ್ಲ ಸರ್, ನೂರ ಮೂವತ್ತೇಳು." ಡೈರಿಯನ್ನು ಅವರ ಮುಂದಿಟ್ಟೆ.

ಅವರು ನಿಧಾನವಾಗಿ ಪುಟ ತಿರುವಿದರು. "ಇದು 2012ರದ್ದು. ಅಂದ್ರೆ ನಿಮಗೆ ಆಗಲೇ ಗೊತ್ತಿತ್ತು?"

"ನಾನು ತರಬೇತಿಯಲ್ಲೇ ಹೇಳಿದ್ದೆ ಸರ್. ನೀವು ಕಥೆ ಬೇಡ ಅಂದ್ರಿ."

"ನನಗೆ ನೆನಪಿಲ್ಲ. ನಿಮ್ಮ ಡೈರಿಯಲ್ಲಿ ಮಾತ್ರ ಇದೆ. ಪ್ರತಿ ಫಾರಂ ಕೆಳಗೆ, ಮೇಲಿನ ಮಾಹಿತಿ ಸತ್ಯ ಅಂತ ನೀವು ಸಹಿ ಹಾಕಿದ್ದೀರಿ. ಗೊತ್ತಿದ್ದೂ ತಪ್ಪು ಮಾಹಿತಿ ಕೊಟ್ಟಿದ್ದೀರಿ ಅಂತ ಆಗುತ್ತೆ. ನಾನು ನಿಮ್ಮನ್ನ ತೊಂದರೆಗೆ ಸಿಕ್ಕಿಸೋಕೆ ಇಷ್ಟಪಡಲ್ಲ." ಡೈರಿಯನ್ನು ಮುಚ್ಚಿ ನನ್ನ ಕಡೆ ತಳ್ಳಿದರು. "ಕಾಫಿ ಆರುತ್ತೆ, ಕುಡೀರಿ."

ನಾನು ಆ ಕಾಫಿ ಕುಡಿದೆ. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ, ಅವರ ಮುಖಕ್ಕೆ ಎರಚದೆ, ಸಕ್ಕರೆ ಸಾಕಾ ಎಂದಾಗ ಸಾಕು ಸರ್ ಎಂದು ಹೇಳಿ, ಪೂರ್ತಿ ಕುಡಿದು ಲೋಟ ಇಟ್ಟು ಬಂದೆ.

ಆಮೇಲೆ ಅವರನ್ನು ಬಿಟ್ಟು ನೇರವಾಗಿ ಆ ಲೇಖನ ಅಚ್ಚಾಗಿದ್ದ ಪತ್ರಿಕೆಗೇ ಬರೆಯೋಣ ಎಂದು ಕೂತೆ. ನನ್ನ ಇಂಗ್ಲಿಷು ಲ್ಯಾಬ್ ರಿಪೋರ್ಟಿನ ಇಂಗ್ಲಿಷು. ಎರಡು ತಿಂಗಳು ಹಿಡಿಯಿತು. ಬಿಲ್ಲೆ ಎಂದರೇನು ಎಂದು ವಿವರಿಸಲಿಕ್ಕೇ ಅರ್ಧ ಪುಟವಾಯಿತು. ತಪ್ಪು ಫಾರಂ ತುಂಬಿದ್ದು ನಾನೇ ಎಂದು ಮೊದಲ ಸಾಲಿನಲ್ಲೇ ಬರೆದೆ. ನೂರ ಮೂವತ್ತೇಳು ನಂಬರುಗಳನ್ನು ಸೇರಿಸಿದೆ. ಕುಪ್ಪುಸ್ವಾಮಿಯವರ ಹೇಳಿಕೆ ಲಗತ್ತಿಸಿದೆ. ಮಧ್ಯದಲ್ಲಿ, ಒಂದು ಪೂರ್ತಿ ವಾಕ್ಯದಲ್ಲಿ, ಕೋದಂಡಪ್ಪ, ಗಣಿಯೊಳಗೆ ಹತ್ತೊಂಬತ್ತು ವರ್ಷ, ನಲವತ್ತೇಳನೇ ವಯಸ್ಸಿನಲ್ಲಿ ಸಾವು, ಎಂದು ಬರೆದೆ. ಆ ವಾಕ್ಯವನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಇನ್ನೊಂದ್ಸಲ ಓದು ಎಂದಳು.

ಪತ್ರಿಕೆಯವರು ಒಪ್ಪಿಕೊಂಡರು! ಸಂಪಾದಕರಿಗೆ ಪತ್ರ ಎಂಬ ಜಾಗದಲ್ಲಿ ಹಾಕುತ್ತೇವೆ, ಪಕ್ಕದಲ್ಲೇ ಲೇಖಕರ ಉತ್ತರವೂ ಇರುತ್ತದೆ ಎಂದರು. ನಾನು ಕುಣಿಯುವುದೊಂದು ಬಾಕಿ. ಅಚ್ಚಿಗೆ ಹೋಗುವ ಮುಂಚೆ ಒಮ್ಮೆ ನೋಡಿ ಎಂದು ಕಳಿಸಿದಾಗ ಓದಿದರೆ, ಅಪ್ಪನ ಹೆಸರಿದ್ದ ಕಡೆ 'ಎ ಎಂಬ ಕಾರ್ಮಿಕ' ಎಂದಾಗಿತ್ತು.

ಹೆಸರು ಯಾಕೆ ತೆಗೆದಿರಿ ಎಂದು ಬರೆದೆ. ಅಧ್ಯಯನದಲ್ಲಿ ಭಾಗವಹಿಸಿದವರ ಹೆಸರು ಗೋಪ್ಯವಾಗಿಡುವುದು ನಮ್ಮ ನಿಯಮ ಎಂದು ಉತ್ತರ ಬಂತು. ನನ್ನಪ್ಪ ಅಧ್ಯಯನದಲ್ಲಿ ಇರಲೇ ಇಲ್ಲ, ಅದೇ ನನ್ನ ದೂರು ಎಂದು ಮತ್ತೆ ಬರೆದೆ. ಅಮ್ಮನ ಹೆಬ್ಬೆಟ್ಟು ಒತ್ತಿಸಿ ಒಪ್ಪಿಗೆ ಪತ್ರ ಕಳಿಸಿದೆ. ನಿಮ್ಮ ಭಾವನೆಗಳನ್ನು ಗೌರವಿಸುತ್ತೇವೆ, ಮೃತರ ಘನತೆ ನಮಗೆ ಮುಖ್ಯ, ನಿಯಮ ಸಡಿಲಿಸಲಾಗದು ಎಂದರು. ಮೃತರ ಘನತೆಯಂತೆ. ಬದುಕಿದ್ದಾಗ ಹೆಸರಿಲ್ಲದೆ ದುಡಿದವನ ಘನತೆ ಕಾಪಾಡಲು ಸತ್ತ ಮೇಲೂ ಹೆಸರು ಅಳಿಸಬೇಕಂತೆ.

ಏಳು ತಿಂಗಳ ಮೇಲೆ ಅಚ್ಚಾಯಿತು. ಎಡಗಡೆ ನನ್ನ ಪತ್ರ, ಬಲಗಡೆ ಸರ್ ಉತ್ತರ. ಸ್ಥಳೀಯ ಸಿಬ್ಬಂದಿಯೊಬ್ಬರು ಮಾಹಿತಿ ಸಂಗ್ರಹಣೆಯಲ್ಲಿ ಮಾಡಿರಬಹುದಾದ ಲೋಪವನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ, ಅದು ಮೆಚ್ಚತಕ್ಕದ್ದು. ಆದರೆ ಮುಖ್ಯ ತೀರ್ಮಾನಕ್ಕೆ ಧಕ್ಕೆಯಿಲ್ಲ. ಅಷ್ಟೇ. ಮರುದಿನ ಅವರೇ ಫೋನ್ ಮಾಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಸಮಾಧಾನವಿತ್ತು.

"ಥ್ಯಾಂಕ್ಸ್ ವನಿತಾ. ಹಳೇ ಪೇಪರ್ ಮತ್ತೆ ಚರ್ಚೆಗೆ ಬಂತು. ನೋಡಿದ್ರಾ, ಆರುನೂರ ಇಪ್ಪತ್ತು ಆಯ್ತು."

ನನ್ನ ಪತ್ರದ ಕೊನೆಯಲ್ಲಿ ಅವರ ಲೇಖನದ ಹೆಸರು ಬರೆದಿದ್ದೆನಲ್ಲ, ಅದಕ್ಕೊಂದು. ಅವರ ಉತ್ತರಕ್ಕೊಂದು. ಉಗಿದರೂ ಅವರ ಲೆಕ್ಕಕ್ಕೇ ಸೇರುತ್ತದೆ ಎಂದು ನನಗೆ ಆವರೆಗೆ ಹೊಳೆದಿರಲಿಲ್ಲ. ಮುಂದಿನ ತಿಂಗಳು ಅವರು ನಿರ್ದೇಶಕರಾದರು.

ಆದರೂ ಆಸೆ ಬಿಡದೆ, ಎರಡೂ ಪುಟಗಳನ್ನು ಪ್ರಿಂಟ್ ತೆಗೆಸಿ ಬಂಗಾರಪೇಟೆಗೆ ಹೋದೆ. ಶ್ರೀರಾಮಪ್ಪ ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದ.

"ನಿಮ್ಮ ತಂದೆ ಎಸ್ರು ಎಲ್ಲೈತಮ್ಮ?"

ನಾನು 'ಎ' ತೋರಿಸಿದೆ. "ಇದನ್ನ ನಾನು ಎಂಗಮ್ಮ ಫೈಲ್ಗೆ ಆಕ್ಲಿ? ಇದು ಯಾರ್ ಬೇಕಾದ್ರೂ ಆಗ್ಬೋದು" ಎಂದು ಹಾಳೆಗಳನ್ನು ಮಡಿಸಿ ನನ್ನ ಕೈಗೆ ಕೊಟ್ಟ. ಮುಖ ನೋಡಲಿಲ್ಲ.

ಮನೆಗೆ ಬಂದಾಗ ಅಮ್ಮ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ನನ್ನ ಕೈಯಲ್ಲಿ ಹಾಳೆ ಕಂಡಿದ್ದೇ ಕೈ ಒರೆಸಿಕೊಂಡು ಎದ್ದಳು.

"ಬಂತಾ? ಪುಸ್ತಕ್ದಾಗೆ ಬಂತಾ?"

"ಬಂತಮ್ಮ" ಎಂದೆ. ಅದು ಸುಳ್ಳಲ್ಲ.

"ಎಲ್ಲಿ, ತೋರ್ಸು."

ಇಲ್ಲ ಎಂದು ಹೇಳಬೇಕೆಂದೇ ದಾರಿಯುದ್ದಕ್ಕೂ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅಷ್ಟರಲ್ಲಿ ಅಮ್ಮ ಹಾಳೆ ಕಿತ್ತುಕೊಂಡು ಬೆಳಕಿಗೆ ಹಿಡಿದಿದ್ದಳು. ಅವಳಿಗೆ ಕನ್ನಡವೇ ಓದಲು ಬಾರದು. ಪುಟದಲ್ಲೆಲ್ಲ ಕಣ್ಣಾಡಿಸಿ, ಬಲಗಡೆ ಮೇಲ್ಭಾಗದಲ್ಲಿ, ಎಲ್ಲಕ್ಕಿಂತ ದಪ್ಪವಾಗಿ ಅಚ್ಚಾಗಿದ್ದ ಹೆಸರಿನ ಮೇಲೆ ಬೆರಳಿಟ್ಟಳು. ಅದು ವಿಜಯಕುಮಾರ್ ಸರ್ ಹೆಸರು.

"ಇದೇನಾ?"

"ಹೂಂ" ಎಂದೆ.

ಅಮ್ಮ ಆ ಹೆಸರನ್ನು ಬೆರಳಿನಿಂದ ಸವರಿ ಕಣ್ಣಿಗೆ ಒತ್ತಿಕೊಂಡಳು. "ಎಷ್ಟ್ ದಪ್ಪುಕ್ ಆಕವ್ರೆ ನೋಡು" ಎಂದು ನಕ್ಕಳು. ನಗುತ್ತಾ ಒಳಗೆ ಹೋಗಿ ಗೋಡೆಯಿಂದ ಅಪ್ಪನ ಫೋಟೋ ಇಳಿಸಿ ತಂದು ಮೊಣಕಾಲ ಮೇಲಿಟ್ಟುಕೊಂಡಳು. ಸೆರಗಿನಿಂದ ಗಾಜು ಒರೆಸಿದಳು.

"ಇದಿಷ್ಟುನ್ನ ಕತ್ರಿಸ್ಕೊಡಮ್ಮಿ. ಇಲ್ಲಿ ಕೆಳುಗ್ಡೆ ಅಂಟಿಸ್ತೀನಿ."

ನಾನು ಒಳಗೆ ಹೋಗಿ ಕತ್ತರಿ ತಂದೆ.